ರಾಮದುರ್ಗದ ಮೌಶಿ ಮತ್ತು ಕಂಪ್ಯೂಟರಿನೊಳಗಿನ ಕಂಪ್ಯೂಟರು

ನಮ್ಮ ಶಿಕ್ಷಣ ಸಂಸ್ಥೆಗೆ ನಾಲ್ಕು ಊರುಗಳಲ್ಲಿ ಶಾಖೆಗಳಿವೆ. ಬೈಲಹೊಂಗಲದಲ್ಲಿ ಪಿಯು ಕಾಲೇಜು, ಕಿತ್ತೂರಿನಲ್ಲಿ ಹೈಸ್ಕೂಲು, ಸವದತ್ತಿಯಲ್ಲಿ ಐಟಿಐ, ರಾಮದುರ್ಗದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲು. ಈ ನಾಲ್ಕೂ ಕಡೆ ನೌಕರರು ಬಂದ ಹೊತ್ತು, ಹೋದ ಹೊತ್ತು ತಮ್ಮ ಬೆರಳ ತುದಿಯಲ್ಲಿರಬೇಕೆಂಬುದು ನಮ್ಮ ಅಧ್ಯಕ್ಷರ ಬಹುದಿನದ ಕನಸು. ಮಕ್ಕಳು ಏನಾದರೂ ಕಲಿತರೋ ಇಲ್ಲವೋ ಎಂಬುದರ ಬಗ್ಗೆ ಅವರು ಅಷ್ಟೊಂದು ಕನಸು ಕಂಡಂತಿಲ್ಲ. ಎಲ್ಲ ಕನಸುಗಳನ್ನೂ ಒಬ್ಬರೇ ಕಾಣುವುದು ಆಗದ ಮಾತು.

ಹೀಗಾಗಿ ನಮಗೆಲ್ಲ ಚಿಪ್ ಕೂರಿಸಿದ ಸ್ಮಾರ್ಟ್ ಕಾರ್ಡುಗಳು ಬಂದವು. ಅದನ್ನು ರೀಡರಿನಲ್ಲಿ ತೂರಿಸಿದರೆ ಹಸಿರು ದೀಪ ಮಿನುಗಿ ಹಾಜರಿ ಬೀಳುತ್ತಿತ್ತು. ಕೆಲವು ವರ್ಷ ಎಲ್ಲ ಸುಸೂತ್ರ ನಡೆಯಿತು. ಆಮೇಲೆ ಹಳೆಯ ಕಂಪ್ಯೂಟರುಗಳು ಒಂದೊಂದಾಗಿ ಕಣ್ಣು ಮುಚ್ಚತೊಡಗಿದವು. ಹೊಸವು ಬಂದವು. ಹಾಜರಿಯ ಪ್ರೋಗ್ರಾಮು ಮಾತ್ರ ಹೊಸ ಕಂಪ್ಯೂಟರಿನಲ್ಲಿ ಓಡಲು ಸುತಾರಾಂ ಒಪ್ಪಲಿಲ್ಲ. ಅದನ್ನು ಬರೆದುಕೊಟ್ಟಿದ್ದ ಅಂಗಡಿಯವರು ಅಷ್ಟೊತ್ತಿಗೆ ಬಾಗಿಲು ಹಾಕಿ ಬೇರೆ ವ್ಯಾಪಾರ ಹಿಡಿದಿದ್ದರು.

ಆಗ ನಮ್ಮ ಕಾರ್ಯದರ್ಶಿಗಳ ಅಳಿಯಂದಿರು ಮುಂದೆ ಬಂದರು. ಹುಬ್ಬಳ್ಳಿಯಲ್ಲಿ ಅವರದೊಂದು ಕಂಪ್ಯೂಟರ್ ವ್ಯವಹಾರವಿದೆ. ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯ ಕಂಪ್ಯೂಟರನ್ನು ಸೃಷ್ಟಿಸುವುದು ಅವರ ಉಪಾಯ. ಇದಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ. ತೆರೆಯ ಮೇಲೆ ಒಂದು ಕಿಟಕಿ ತೆರೆಯುತ್ತದೆ, ಅದರೊಳಗೆ ಹಳೆಯ ಕಂಪ್ಯೂಟರು ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತದೆ. ಉಪಾಯ ಒಳ್ಳೆಯದೇ. ಆದರೆ ಕಾರ್ಡ್ ರೀಡರು ಒಂದೇ, ಕಂಪ್ಯೂಟರು ಎರಡು. ಹೊರಗಿನದು ರೀಡರನ್ನು ಹಿಡಿದುಕೊಂಡಿದ್ದರೆ ಒಳಗಿನದಕ್ಕೆ ಅದು ಕಾಣುವುದೇ ಇಲ್ಲ. ಯಾರಾದರೂ ಒಳಗಿನದನ್ನು ಚಾಲೂ ಮಾಡಿ, ಮೆನುವಿಗೆ ಹೋಗಿ, ರೀಡರನ್ನು ಅದರ ಸುಪರ್ದಿಗೆ ಕೊಡಬೇಕು. ಈ ಮಾತನ್ನು ನಾನು ಸಭೆಯಲ್ಲಿ ಎತ್ತಿದೆ. ನಾನು ಬೈಲಹೊಂಗಲದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು.

"ಸಣ್ಣ ಮಾತದು, ಮೇಡಂ," ಎಂದರು ಅಳಿಯಂದಿರು. ಅಳಿಯ ಸಣ್ಣದೆಂದ ಮೇಲೆ ನಮ್ಮ ಕಡೆ ಅದು ಸಣ್ಣದೇ.

ಮುಂದಿನ ತಿಂಗಳೆಲ್ಲ ನಾನು ಸಂಸ್ಥೆಯ ಜೀಪಿನಲ್ಲಿ ಊರೂರು ತಿರುಗಿದೆ. ಸವದತ್ತಿಯಲ್ಲಿ ಯಾರೋ ಮೊಬೈಲ್ ಚಾರ್ಜಿಗಿಡಲು ರೀಡರಿನ ವಾಯರು ಕಿತ್ತು, ಮರಳಿ ಬೇರೆ ಕಡೆ ಚುಚ್ಚಿದ್ದರು. ಒಳಗಿನ ಕಂಪ್ಯೂಟರು ಅದನ್ನು ಗುರುತು ಪರಿಚಯವಿಲ್ಲದವರಂತೆ ನೋಡುತ್ತಿತ್ತು. ಕಿತ್ತೂರಿನಲ್ಲಿ ಹೊರಗಿನ ಕಂಪ್ಯೂಟರು ಕಾರ್ಡು ಕಂಡ ಕೂಡಲೇ ಪಾಸ್‌ವರ್ಡು ಕೇಳುತ್ತಿತ್ತು, ಹೆಡ್‌ಮಾಸ್ತರರು ದಿನಾ ಅದಕ್ಕೆ ತಮ್ಮ ಜನ್ಮದಿನ ಹೇಳುತ್ತಿದ್ದರು. ರಾಮದುರ್ಗದಿಂದ ಮಾತ್ರ ಒಂದೂ ದೂರು ಬರಲಿಲ್ಲ. "ನೋಡ್ರಿ, ವ್ಯವಸ್ಥಾ ಅಂದ್ರ ಹಿಂಗಿರಬೇಕು," ಎಂದು ಅಧ್ಯಕ್ಷರು ಎಲ್ಲರಿಗೂ ಉದಾಹರಣೆ ಕೊಟ್ಟರು. ಅಲ್ಲಿಗೆ ಅವರೇ ಖುದ್ದಾಗಿ ಹೋಗಿ ನೋಡುವುದೆಂದೂ, ಮಧ್ಯಾಹ್ನದ ಊಟ ಅಲ್ಲೇ ಎಂದೂ ನಿಗದಿಯಾಯಿತು.

ಊಟದ ಮಾತಿಗೆ ಕಾರಣವಿತ್ತು. ಆ ಹಾಸ್ಟೆಲಿನ ಅಡುಗೆಯಾಕೆಯ ಕೈಗುಣ ನಾಲ್ಕೂ ಊರಿಗೆ ಗೊತ್ತು. ಹುಡುಗಿಯರೆಲ್ಲ ಆಕೆಯನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ, ಹಾಗಾಗಿ ನಾವೂ ಹಾಗೇ ಅನ್ನುತ್ತೇವೆ. ಸಾಲಹಳ್ಳಿಯಿಂದ ದಿನಾ ಮೊದಲ ಬಸ್ಸಿಗೆ ಬರುವ ಗಟ್ಟಿ ಹೆಂಗಸು. ಬಸ್ಸು ತಪ್ಪಿದ್ದನ್ನು ಯಾರೂ ಕಂಡಿಲ್ಲ.

ಅಧ್ಯಕ್ಷರು ಬರುವ ದಿನ ಯಂತ್ರ ತಿಕ್ಕಿ ತೊಳೆದಂತಿರಬೇಕೆಂದು ನನ್ನನ್ನು ಮುಂಚಿತವಾಗಿ ಅಟ್ಟಿದರು. ಜೀಪಿನ ಡ್ರೈವರ್ ಚಾಚಾ ಮುರಗೋಡ ದಾಟುವವರೆಗೂ ಮೌಶಿಯ ಎಣ್ಣೆಗಾಯಿಯನ್ನೇ ವರ್ಣಿಸಿದರು. ನಾವು ಮುಟ್ಟಿದಾಗ ಮೌಶಿ ಇಸ್ತ್ರಿ ಮಾಡಿದ ಸೀರೆಯುಟ್ಟು ಹಾಸ್ಟೆಲಿನ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಅಡುಗೆಮನೆಯ ಒಲೆ ತಣ್ಣಗಿತ್ತು.

"ಯಾಕ ಮೌಶಿ, ಆರಾಮಿಲ್ಲೇನು?" ಎಂದೆ.

"ಆರಾಮ ಅದೀನ್ರಿ ಅಕ್ಕಾರ. ಆದ್ರ ನಾ ಇವತ್ತ ಬಂದಿಲ್ಲ."

"ಇಲ್ಲೇ ಕುಂತೀಯಲ್ಲ?"

"ನಿಮಗ ಕಾಣತೇನಿ. ಆಫೀಸಿಗೆ ಕಾಣೂದಿಲ್ಲ. ಇಡೀ ತಿಂಗಳ ನಾ ಬಂದಿಲ್ಲಂತ. ಪಗಾರ ಹಿಡದಾರ, ಮ್ಯಾಲ ನೋಟಿಸು ಕಳಿಸ್ಯಾರ. ದಿನಾ ಬಂದು ಕಾರ್ಡ್ ತೂರಿಸೇನಿ, ಹಸರ ದೀಪ ಹತ್ತಿದ್ದು ನೋಡೇ ಒಳಗ ಹೋಗೇನಿ. ಆದ್ರ ನಾ ಬಂದಿಲ್ಲಂತ. ಬರದಾಕಿ ಅಡಗಿ ಹೆಂಗ ಮಾಡ್ಲಿ?"

"ಹುಡುಗ್ಯಾರ ಊಟ?"

"ಅವರಿಗೆ ಮುಂಜಾನೆನ ಉಣಿಸಿ, ಡಬ್ಬಿ ಕಟ್ಟಿ ಸಾಲಿಗೆ ಕಳಿಸೇನಿ. ಅದು ನನಗೂ ಅವರಿಗೂ ಇದ್ದದ್ದು. ಸಂಸ್ಥಾದ ಅಡಗಿ ಮಾತ್ರ ಇಲ್ಲ."

ಚಾಚಾ ಜೀಪಿಗೆ ಒರಗಿ, ಮನೆಯವರ್ಯಾರೋ ತೀರಿಹೋದ ಮುಖ ಮಾಡಿದರು.

ರೀಡರು ಆಫೀಸಿನ ಕಿಟಕಿಯ ಹೊರಗೆ ಬಡಿದಿತ್ತು. ಅದರ ವಾಯರು ಸರಳುಗಳ ನಡುವೆ ತೂರಿ ಮೇಜಿನ ಮೇಲಿನ ಕಂಪ್ಯೂಟರಿಗೆ ಹೋಗಿತ್ತು. ಆಫೀಸಿಗೆ ಬೀಗ. ಹತ್ತು ಗಂಟೆಗೆ ಗುಮಾಸ್ತರು ಬಂದರು, ಬೀಗ ತೆಗೆದರು, ವರ್ಚುವಲ್ ಮಷೀನ್ ಚಾಲೂ ಮಾಡಿ ರೀಡರನ್ನು ಅದಕ್ಕೆ ಜೋಡಿಸಿದರು. ಆಮೇಲೆ ತಮ್ಮ ಕಾರ್ಡು ತೂರಿಸಿದರು. ಸಂಜೆ ಮನೆಗೆ ಹೋಗುವಾಗ ಅದನ್ನು ಬಂದ್ ಮಾಡುತ್ತೀರಾ ಎಂದು ಕೇಳಿದೆ. "ಕರೆಂಟ ಉಳಿಸಬೇಕಲ್ರಿ ಮೇಡಂ," ಎಂದರು. ಹೊರಗಿನ ಕಂಪ್ಯೂಟರು ಹಗಲು ರಾತ್ರಿ ಉರಿಯುತ್ತಲೇ ಇತ್ತು.

ನನಗೆ ಎಲ್ಲ ತಿಳಿಯಿತು. ಗುಮಾಸ್ತರ ನಂತರ ಬರುವವರೆಲ್ಲ ಹಾಜರು. ಅವರಿಗಿಂತ ಮೊದಲು ಬಂದು, ಅವರು ಹೋದ ಮೇಲೆ ಮನೆಗೆ ಹೊರಡುವ ಮೌಶಿಯ ಕಾರ್ಡು ಎರಡೂ ಹೊತ್ತು ಹೊರಗಿನ ಕಂಪ್ಯೂಟರಿನ ಪಾಲಾಗುತ್ತಿತ್ತು. ಅದು ಸೌಜನ್ಯಕ್ಕೆ ದೀಪ ಮಿನುಗಿಸಿ ಸುಮ್ಮನಾಗುತ್ತಿತ್ತು. ಹಾಜರಿ ಎಂಬುದೊಂದಿದೆಯೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಇಡೀ ಸಂಸ್ಥೆಯಲ್ಲಿ ಎಲ್ಲರಿಗಿಂತ ಮೊದಲು ಬರುವ ಅಪರಾಧಕ್ಕೆ ಆಕೆ ಗೈರುಹಾಜರಾಗಿದ್ದಳು.

ಅಧ್ಯಕ್ಷರು, ಅಳಿಯಂದಿರು ಒಂದೇ ಕಾರಿನಲ್ಲಿ ಬಂದಿಳಿದರು. ನಾನು ನಡೆದದ್ದನ್ನು ಹೇಳಿದೆ.

"ಹಂಗಾಗೂದ ಶಕ್ಯ ಇಲ್ಲ," ಎಂದರು ಅಳಿಯಂದಿರು. "ಆಕಿ ಕಾರ್ಡ ಸರಿಯಾಗಿ ತೂರಿಸಿರಾಕಿಲ್ಲ. ಇಂಥಾ ಮಂದಿಗೆ ತರಬೇತಿ ಬೇಕು."

ನಾನು ವಾದಕ್ಕೆ ಹೋಗಲಿಲ್ಲ. ಒಳಗೆ ಹೋಗಿ ವರ್ಚುವಲ್ ಮಷೀನನ್ನು, ಗುಮಾಸ್ತರು ಸಂಜೆ ಮಾಡುವ ಹಾಗೆ, ಬಂದ್ ಮಾಡಿ ಹೊರಬಂದೆ. "ಸರ್, ನಿಮ್ಮ ಕಾರ್ಡ್ ಒಮ್ಮೆ ತೂರಿಸ್ರಿ," ಎಂದೆ. ಅಧ್ಯಕ್ಷರ ಕಾರ್ಡಿಗೆ ಬಂಗಾರದ ಬಣ್ಣದ ಅಂಚಿದೆ, ಕ್ರಮಸಂಖ್ಯೆ ಒಂದು. ತರಬೇತಿ ಬೇಕಾಗದವರ ಗತ್ತಿನಿಂದ ತೂರಿಸಿದರು. ಹಸಿರು ದೀಪ ಮಿನುಗಿತು. ಅವರು ಅಳಿಯಂದಿರ ಕಡೆ ನೋಡಿ ಸಂತೋಷದಿಂದ ತಲೆದೂಗಿದರು.

ಆಮೇಲೆ ಎಲ್ಲರನ್ನೂ ಒಳಗೆ ಕರೆದು, ವರ್ಚುವಲ್ ಮಷೀನ್ ಎಬ್ಬಿಸಿ, ಆ ದಿನದ ಹಾಜರಿ ತೆರೆದೆ. ಮೊದಲ ಸಾಲಿನಲ್ಲೇ ಇತ್ತು. ಅಧ್ಯಕ್ಷರು, ಗೈರು.

"ಏ, ನಾ ಇಲ್ಲೇ ನಿಂತೇನಲ್ಲ," ಎಂದರು ಅಧ್ಯಕ್ಷರು.

ಬಾಗಿಲಲ್ಲಿ ಮೌಶಿ ನಿಂತಿದ್ದಳು. "ನೋಟಿಸು ಬಂದಾಗಿಂದ ನಾನೂ ಅದನ್ನ ಹೇಳಾಕ ಹತ್ತೇನ್ರಿ ಸಾಹೇಬ್ರ," ಎಂದಳು.

ಅಳಿಯಂದಿರು ಹೊರಗಿನ ಮಷೀನ್ ಒಳಗಿನ ಮಷೀನ್ ಎಂದು ವಿವರಿಸಲು ಶುರುಮಾಡಿದರು. ಅಧ್ಯಕ್ಷರು ಮೇಜಿನ ಕೆಳಗೆ ಬಗ್ಗಿ ನೋಡಿ, "ಇನ್ನೊಂದು ಎಲ್ಲೈತಿ?" ಎಂದು ಕೇಳಿದರು. ಊಟದ ಹೊತ್ತು ಮೀರಿತ್ತು. ಅಧ್ಯಕ್ಷರ ಧ್ವನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು.

"ಆತು ಬಿಡಬೇ, ಪಗಾರ ಹಾಕಸ್ತೇನಿ. ಈಗರೆ ಒಂದೆರಡ ರೊಟ್ಟಿ ಬಡಿತಿ ಏನು?"

"ನೋಟಿಸು ತಿರುಗಿ ತಗೊಂಡ ಕಾಗದ ಬರ್ಲಿ. ಆವಾಗ ನಾ ಬಂದಂಗ. ಆಮ್ಯಾಲ ಬಡಿತೇನಿ," ಎಂದಳು ಮೌಶಿ, ಬಹಳ ಮರ್ಯಾದೆಯಿಂದ.

ಅಂದು ಅಧ್ಯಕ್ಷರು ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಉಂಡರು. ಚಾಚಾ ಮತ್ತು ನಾನು ಗಿರಮಿಟ್ಟು ತಿಂದೆವು. ಬೈಲಹೊಂಗಲದವರೆಗೆ ಚಾಚಾ ಎಣ್ಣೆಗಾಯಿಯ ಹೆಸರೆತ್ತಲಿಲ್ಲ.

ದುರಸ್ತಿ ದೊಡ್ಡದೇನಿರಲಿಲ್ಲ. ಕಂಪ್ಯೂಟರು ಚಾಲೂ ಆದ ಕೂಡಲೇ ಒಳಗಿನದು ತಾನೇ ಏಳುವಂತೆ, ಎದ್ದ ಕೂಡಲೇ ರೀಡರು ತಾನಾಗಿ ಅದರ ಪಾಲಾಗುವಂತೆ ಮಾಡಿ, ಹೊರಗಿನದು ಕಾರ್ಡುಗಳ ಗೊಡವೆಗೇ ಹೋಗದಂತೆ ಆ ಸೇವೆಯನ್ನು ನಿಲ್ಲಿಸಿದೆ. ಗುಮಾಸ್ತರಿಗೆ ಅದನ್ನು ಮುಟ್ಟಬೇಡಿರೆಂದು ಹೇಳಿದೆ. ಅವರು ಈ ಒಂದು ಆದೇಶವನ್ನು ಇವತ್ತಿಗೂ ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ. ಉಳಿದ ಮೂರು ಊರುಗಳಲ್ಲೂ ಹಾಗೇ ಮಾಡಿಬಂದೆ. ವ್ಯವಸ್ಥೆ ಸರಿಹೋದ ಸಂಭ್ರಮಕ್ಕೆ ಕಿತ್ತೂರಿನ ಹೈಸ್ಕೂಲಿನಲ್ಲಿ ಸಮಾರಂಭವೂ ಆಯಿತು. ಅಳಿಯಂದಿರಿಗೆ ಶಾಲು ಹೊದಿಸಿದರು. ಕುರ್ಚಿಗಳನ್ನು ಹೊಂದಿಸಿದ ಶಿಕ್ಷಕವೃಂದದ ಜೊತೆಗೆ ನನ್ನನ್ನೂ ನೆನೆದರು.

ಮೌಶಿಗೆ ಕಾಗದ ಬಂತು, ಹಿಡಿದ ಪಗಾರವೂ ಬಂತು. ನಾನು ಮುಂದಿನ ಸಲ ಹೋದಾಗ ಕಾಗದವನ್ನು ಓದಿಸಿಕೊಂಡಳು. ಆಕೆಯ ಗೈರುಹಾಜರಿಯನ್ನು ಮಾನವೀಯತೆಯ ಆಧಾರದ ಮೇಲೆ ಮನ್ನಿಸಲಾಗಿದೆ, ಇನ್ನು ಮುಂದೆ ಹೀಗಾಗದಂತೆ ಆಕೆ ಎಚ್ಚರ ವಹಿಸತಕ್ಕದ್ದು ಎಂದಿತ್ತು. ಸಂಸ್ಥೆಗಳು ತಪ್ಪು ಒಪ್ಪಿಕೊಳ್ಳುವ ಭಾಷೆ ಇದಕ್ಕಿಂತ ನಯವಾಗಿರಲು ಸಾಧ್ಯವಿಲ್ಲ.

ಮೌಶಿ ಕಾಗದವನ್ನು ಇಸಿದುಕೊಂಡು ಮಡಚಿದಳು.

"ಅಂದ್ರ ನಾ ಬಂದಿಲ್ಲ ಅನ್ನೂದು ಕಾಯಂ ಆತಲ್ರಿ?"

"ಹೌದು ಮೌಶಿ, ಹಂಗ ಐತಿ."

"ಇರಲಿ. ಬರದ ತಿಂಗಳಿಗೆ ಪಗಾರ ಕೊಟ್ಟಾರಲ್ಲ, ದೊಡ್ಡ ಮಂದಿ," ಎಂದು ಹಿಟ್ಟು ನಾದಲು ಕುಳಿತಳು. "ಕೈ ತೊಳಕೊರ್ರಿ ಅಕ್ಕಾರ. ಚಾಚಾನ್ನೂ ಕರೀರಿ, ಪಾಪ, ಆವತ್ತ ಉಪಾಸ ಹೋದ."