ಬಾಗಿಲ ಬಳಿ ಕೂತ ಮಿಸ್

ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದೆ. ಬೆರಳಿಗೆಲ್ಲ ಸೊಗಡು ಅಂಟಿತ್ತು. ಫೋನ್ ಬಂತು, ಒದ್ದೆ ಕೈಯಲ್ಲೇ ಎತ್ತಿದೆ. "ಆಂಟಿ, ಮಿಸ್ ಹೋಗ್ಬಿಟ್ರು." ಯಾವ ಮಿಸ್ ಎಂದು ಕೇಳಲಿಲ್ಲ. ಆ ಸೊಗಡಿನಿಂದ ನನಗೆ ಆಗಲೇ ಅವರ ನೆನಪಾಗಿತ್ತು…

ಪದ್ಮನಾಭನಗರದಲ್ಲಿ ನಮ್ಮ ಹಿಂದಿನ ಬೀದಿಯಲ್ಲೊಂದು ಹೆಣ್ಣುಮಕ್ಕಳ ಆಶ್ರಯಮಂದಿರವಿತ್ತು. ಮನೆಯಲ್ಲಿ ಇರಲಾಗದೆ ಬಂದ ಹದಿಮೂರು, ಹದಿನಾಲ್ಕರ ಹುಡುಗಿಯರು. ಶನಿವಾರ ಪೂಜೆ ಮುಗಿಸಿ ಪ್ರಸಾದ ಕೊಡಲು ಹೋಗುತ್ತಿದ್ದೆ. ಅದೇ ಹೊತ್ತಿಗೆ ಈ ಮಿಸ್ ಬಂದು, ಮಕ್ಕಳನ್ನು ದುಂಡಗೆ ಕೂರಿಸಿ, ಉಸಿರಿನ ಮೇಲೆ ಗಮನವಿಡುವುದನ್ನು ಕಲಿಸುತ್ತಿದ್ದರು. ಮೈಂಡ್‌ಫುಲ್‌ನೆಸ್ ಅನ್ನುತ್ತಾರಂತೆ. ನನಗದು ಜಪಮಣಿಯಿಲ್ಲದ ಜಪದ ಹಾಗೆ ಕಾಣುತ್ತಿತ್ತು. ನಾನೂ ಹಿಂದೆ ಕೂರುತ್ತಿದ್ದೆ.

ಒಬ್ಬ ಹುಡುಗಿ ಮಾತ್ರ ಕಣ್ಣು ಮುಚ್ಚುತ್ತಿರಲಿಲ್ಲ. ಬಾಗಿಲನ್ನೇ ನೋಡುತ್ತಿದ್ದಳು. ರಾತ್ರಿಯೂ ಮಲಗಲ್ಲ, ಮೊಂಡು ಎಂದು ವಾರ್ಡನ್ ಬೈದರು. ಮಿಸ್ ಬೈಯಲಿಲ್ಲ, ಯಾಕಮ್ಮಾ ಎಂದು ಕೇಳಿದರು.

"ಮುಚ್ಕೊಂಡ್ರೆ ಯಾರ್ ಒಳಗ್ ಬಂದ್ರು ಅಂತ ಹೆಂಗ್ ಗೊತ್ತಾಗುತ್ತೆ ಮಿಸ್?"

ಆ ಮಗು ಏನೇನು ಕಂಡಿತ್ತೋ, ತಾಯಿ ಬನಶಂಕರಿಗೇ ಗೊತ್ತು.

ಮುಂದಿನ ವಾರ ಮಿಸ್ ನನ್ನ ಕೈಲಿ ನೆನೆಸಿದ ಅವರೆಕಾಳು ತರಿಸಿದರು. ಕಣ್ಣು ಮುಚ್ಚುವುದೇ ಬೇಡ, ಒಂದೊಂದೇ ಕಾಳು ಹಿದುಕಿ, ಬೆರಳು ನೋಡಿ, ವಾಸನೆ ನೋಡಿ, ಅಷ್ಟು ಸಾಕು ಎಂದರು.

"ಇದು ಧ್ಯಾನನಾ ಮಿಸ್, ಇಲ್ಲಾ ಅಡುಗೆ ಭಟ್ಟರಿಗೆ ರಜನಾ?" ಎಂದು ಒಬ್ಬಳು ಕೆಣಕಿದಳು. ಅಷ್ಟರಲ್ಲಿ ಯಾರದೋ ಕೈಯಿಂದ ಕಾಳೊಂದು ಚಿಮ್ಮಿ ವಾರ್ಡನ್ ಕನ್ನಡಕಕ್ಕೆ ಬಡಿಯಿತು. ಎಲ್ಲರೂ ನಕ್ಕರು, ಆ ಹುಡುಗಿಯೂ. ಮಿಸ್ ಎದ್ದು ಹೋಗಿ ಹೊಸ್ತಿಲ ಪಕ್ಕ ಕೂತು ಅವಳಿಗೆ ಹೇಳಿದರು:

"ಬಾಗಿಲು ನಂದು, ನಾನ್ ನೋಡ್ಕೋತೀನಿ. ಬೇಕು ಅನ್ಸಿದ್ರೆ ಮುಚ್ಕೋ, ಇಲ್ದಿದ್ರೆ ಬೇಡ."

ಅವರಿಗೆ ಮಂಡಿನೋವು. ಆದರೂ ಎಷ್ಟೋ ವಾರ ಅಲ್ಲೇ, ಕಾಲು ಬದಲಿಸುತ್ತಾ ಕೂತರು. ಒಂದು ಶನಿವಾರ ನೋಡಿದರೆ ಹುಡುಗಿ ಮುಷ್ಟಿಯಲ್ಲಿ ಕಾಳು ಹಿಡಿದೇ ಗೋಡೆಗೊರಗಿ ನಿದ್ದೆಹೋಗಿದ್ದಳು. ಮಿಸ್ ತುಟಿಗೆ ಬೆರಳಿಟ್ಟು ನಮಗೆಲ್ಲ ಸನ್ನೆ ಮಾಡಿದರು. ಅವತ್ತಿನ ಕ್ಲಾಸು ಅಷ್ಟೇ. ಇಷ್ಟಾದರೂ ಕೊಟ್ಟನಲ್ಲ ದೇವರು ಎಂದುಕೊಂಡೆ.

ಈಗ ಫೋನ್ ಮಾಡಿದ್ದವಳು ಅವಳೇ. ಜಯನಗರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಕೆಲಸ ಮುಗಿಸಿ ದಿನಾ ಮಿಸ್ ಇದ್ದ ಆಸ್ಪತ್ರೆಗೆ ಹೋಗುತ್ತಿದ್ದಳಂತೆ. ಮಿಸ್‌ಗೆ ನಿದ್ದೆಯೇ ಹತ್ತುತ್ತಿರಲಿಲ್ಲವಂತೆ.

"ನಿನ್ನೆ ರಾತ್ರಿ ಸ್ಟೂಲ್ ಬಾಗಿಲ ಹತ್ರ ಎಳ್ಕೊಂಡೆ ಆಂಟಿ. ಬಾಗಿಲು ನಂದು, ನೀವ್ ಮಲ್ಕೊಳ್ಳಿ ಮಿಸ್ ಅಂದೆ. ನಕ್ರು… ಮಲ್ಕೊಂಡ್ರು."

ಇಬ್ಬರೂ ಅತ್ತೆವು. ಇನ್ನು ಅವರ ದನಿ ಕೇಳುವುದಿಲ್ಲ. ಒಬ್ಬರೇ ಹೋಗಲಿಲ್ಲವಲ್ಲ, ಅದೊಂದು ಪುಣ್ಯ.

ಬೋಗುಣಿಯಲ್ಲಿ ಇನ್ನೂ ಅರ್ಧ ಕಾಳಿತ್ತು. ಒಂದೊಂದೇ ಹಿದುಕಿ ಮುಗಿಸಿ, ಸಾರಿಗೆ ಕಾಯಿ ತುರಿಯಲು ಕೂತೆ.