ತುಟಿ ಮ್ಯಾಲೆ ಬೆರಳು

ಇವತ್ತು ಪುಣೆಯ ಖರಾಡಿಯಲ್ಲಿ ಮಗಳನ್ನು ಶಾಲೆಗೆ ಬಿಡುವಾಗ ಪುಟ್ಟ ಮಕ್ಕಳ ಸಾಲೊಂದು ತುಟಿಯ ಮೇಲೆ ಬೆರಳಿಟ್ಟುಕೊಂಡು ಸದ್ದಿಲ್ಲದೆ ಹೋಯಿತು. ಪಾಲಕರೆಲ್ಲ ಮೆಚ್ಚಿ ಫೋಟೊ ತೆಗೆದರು. ನನಗೆ ಬೆವರು ಬಂತು.

ನಾನು ಸಣ್ಣವನಿದ್ದಾಗ ಇದೇ ಊರಿನ ನಮ್ಮ ಕನ್ನಡ ಶಾಲೆಯಲ್ಲಿ ಅಕ್ಕೋರು ನಿಯಮಗಳನ್ನೆಲ್ಲ ಪ್ರಾಸದಲ್ಲೇ ಕಲಿಸುತ್ತಿದ್ದರು. "ತುಟಿ ಮ್ಯಾಲೆ ಬೆರಳು, ಮಾತಾಡಬಾರದು ನೆರಳೂ." ನನಗೆ ಪ್ರಾಸದ ಹುಚ್ಚು ಹಿಡಿದದ್ದೂ ಅಲ್ಲೇ.

ಒಂದು ಮಧ್ಯಾಹ್ನ ಹಾಗೆ ಕೂತಿದ್ದಾಗ ಪಕ್ಕದ ಶಾಂತಾಳ ಕಣ್ಣಿಂದ ನೀರು ಇಳಿಯತೊಡಗಿತು. ಬೆರಳು ಮಾತ್ರ ತುಟಿ ಬಿಡಲಿಲ್ಲ. ಅಕ್ಕೋರು ಹತ್ತಿರ ಬಂದು ನೋಡಿದರೆ, ಅವಳ ಪಾದಕ್ಕೆ ಕಡಿದ ಚೇಳು ಇನ್ನೂ ಜಮಖಾನೆಯ ಅಂಚಿನಲ್ಲೇ ಇತ್ತು.

"ಯಾಕ ಚೀರಲಿಲ್ಲವ್ವಾ?"

"ನೀವು ಬ್ಯಾಡ ಅಂದಿದ್ರಲ್ರಿ."

ಅಕ್ಕೋರು ಅವಳನ್ನು ಎತ್ತಿಕೊಂಡು ದವಾಖಾನೆಗೆ ಓಡಿದರು. ಶಾಂತಾ ಉಳಿದಳು. ಆದರೆ ಗಾರೆ ಕೆಲಸದ ಅವಳಪ್ಪ ಮತ್ತೆ ಅವಳನ್ನು ಶಾಲೆಗೆ ಕಳಿಸಲಿಲ್ಲ.

ಆಮೇಲೆ ತರಗತಿ ಸುಮ್ಮನೆ ಕೂತರೆ ಅಕ್ಕೋರ ಮುಖ ಬಿಳಿಚಿಕೊಳ್ಳುತ್ತಿತ್ತು. "ಯಾರರೆ ಒಬ್ಬರು ಮಾತಾಡ್ರೆಪಾ" ಎಂದು ಬೇಡುತ್ತಿದ್ದರು. ನಮ್ಮದು ಪಾಠ ಚೆನ್ನಾಗಿ ಕಲಿತ ತರಗತಿ, ಯಾರೂ ಮಾತಾಡುತ್ತಿರಲಿಲ್ಲ.

ಈಗಲೂ ಮಗಳ ಕೋಣೆಯಲ್ಲಿ ಸದ್ದು ನಿಂತರೆ ನಾನು ಎದ್ದು ಹೋಗಿ ಬಾಗಿಲು ತೆರೆಯುತ್ತೇನೆ.

"ನಾ ಗದ್ಲ ಮಾಡೇ ಇಲ್ಲಲ್ಲ ಅಪ್ಪಾ," ಎನ್ನುತ್ತಾಳೆ.

"ಅದಕ್ಕ ಬಂದೀನಿ," ಎನ್ನುತ್ತೇನೆ.