ಕುಂಕುಮ ಹಚ್ಚಿದ ಕೀಲಿ

ಇದನ್ನು ಬರೆಯಬೇಕೆಂದು ಎರಡು ಸಲ ಕಾಗದ ತೆಗೆದೆ. ಎರಡು ಸಲವೂ ಚಳಿಯ ಬಗ್ಗೆ ನಾಲ್ಕು ಸಾಲು ಬರೆದು ಎತ್ತಿಟ್ಟೆ. ಹೋಗಿಬಂದು ವರ್ಷವಾಯಿತು. ಇನ್ನು ಮುಂದೂಡಲಾರೆ.

ಫೆಬ್ರುವರಿಯ ಒಂದು ಬುಧವಾರ ಮುಂಜಾನೆ ಮೊಮ್ಮಗಳು ಮಿಲ್ಟನ್ ಸ್ಟೇಷನ್ನಿಗೆ ಕಾರಿನಲ್ಲಿ ಬಿಟ್ಟಳು. ಹಿಮ ಇರಲಿಲ್ಲ, ಗಾಳಿ ಕಿವಿ ಕೊಯ್ಯುತ್ತಿತ್ತು. ದಾರಿಯುದ್ದಕ್ಕೂ ಚೀಟಿ ನೋಡಿ ಒಂದೇ ಪೋಲಿಶ್ ವಾಕ್ಯ ಉರುಹೊಡೆಯುತ್ತಿದ್ದೆ.

"ಅಜ್ಜಾ, ವೈ ಪೋಲಿಶ್? ಯು ಡೋಂಟ್ ಈವನ್ ನೋ ಫ್ರೆಂಚ್!"

"ಒಬ್ಬರಿಗೆ ಒಂದ ಮಾತ ಹೇಳೂದೈತಿ."

"ಜಸ್ಟ್ ಟೆಕ್ಸ್ಟ್ ದೆಮ್."

"ಅವರು ಇಂಗ್ಲಿಷ್ ಮರ್ತಾರವ್ವಾ."

ಅವರು ಮಿಲ್ಟನ್ನಿನ ಒಂದು ಗೋದಾಮಿನಲ್ಲಿ ನನ್ನ ಮೇಲಿನವರಾಗಿದ್ದರು. ಕೀಲಿಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ಊಟದ ಹೊತ್ತಿಗೆ ನನ್ನ ಡಬ್ಬಿ ಹಿಡಿದು ಪೋಲಿಶ್ ಕಲಿಸುತ್ತಿದ್ದರು. ಮೇಜಿನ ಮೇಲಿಟ್ಟರೆ 'ನಾ ಸ್ತೊಲೆ', ಕೆಳಗಿಟ್ಟರೆ 'ಪೊತ್ ಸ್ತೊವೆಮ್'. ಮೇಲೆ, ಕೆಳಗೆ ಎಂಬ ಮಾತು ಅವರಲ್ಲಿ ಮೊದಲೇ ಬರುತ್ತದೆ. ಅದಕ್ಕೆ ತಕ್ಕಂತೆ ಮೇಜು ಎಂಬ ಪದದ ಬಾಲ ಬದಲಾಗುತ್ತದೆ. ತಪ್ಪಿದರೆ ನನ್ನ ಒಂದು ಚಪಾತಿ ಅವರಿಗೆ. ಬಹಳ ಚಪಾತಿ ತಿಂದರು.

ಒಂದು ಖಂಡೇನವಮಿಯ ದಿನ, ದುಡಿಯುವ ಸಾಮಾನಿಗೆ ಪೂಜೆಯಿಲ್ಲದಿದ್ದರೆ ಹೇಗೆಂದು, ಯಾರಿಗೂ ಹೇಳದೆ ಸರಕು ಎತ್ತುವ ಫೋರ್ಕ್‌ಲಿಫ್ಟಿನ ಕೀಲಿ ತೆಗೆದು ನನ್ನ ಲಾಕರಿನಲ್ಲಿ ದೇವರ ಪಟದ ಮುಂದಿಟ್ಟು ಕುಂಕುಮ ಹಚ್ಚಿದೆ. ಮರಳಿ ತೂಗುಹಾಕಲು ಮರೆತೆ. ಮರುದಿನ ದಸರೆಗೆಂದು ರಜೆ ಹಾಕಿದ್ದೆ. ಮೂರನೆಯ ದಿನ ಹೋದಾಗ, ಕೀಲಿ ಕಳೆದರೆಂದು ಅವರನ್ನು ತೆಗೆದುಹಾಕಿದ್ದರು. ನಾನು ಹೊಸಬ, ನನ್ನ ಕೆಲಸವೂ ಹೋದೀತೆಂದು ಹೆದರಿದೆ. ಕುಂಕುಮ ಒರೆಸಿ, ಕೀಲಿಯನ್ನು ಒಂದು ಕಪಾಟಿನ ಹಿಂದೆ ಬೀಳಿಸಿ ಬಂದೆ.

ಇಪ್ಪತ್ತೆರಡು ವರ್ಷದ ಮೇಲೆ ಹಳೆಯ ಸಹೋದ್ಯೋಗಿಯೊಬ್ಬ ಹೇಳಿದ: ಅವರು ಪಿಕರಿಂಗ್‌ನ ವೃದ್ಧಾಲಯದಲ್ಲಿದ್ದಾರೆ, ಮರೆವಿನಲ್ಲಿ ಹುಟ್ಟುಭಾಷೆ ಪೋಲಿಶ್ ಒಂದೇ ಉಳಿದಿದೆ.

ಟ್ರೇನು ಬದಲಿಸಬೇಕಾದ ಯೂನಿಯನ್ ಸ್ಟೇಷನ್ನಿಗೆ ಒಂದು ತಾಸಿನ ಮೇಲಾಯಿತು. ಅಲ್ಲಿ ಬೆಂಚಿನ ಮೇಲೆ ಚಪಾತಿ, ಶೇಂಗಾ ಚಟ್ನಿ ಬಿಚ್ಚಿ, ಹಾಗೆಯೇ ಮತ್ತೆ ಕಟ್ಟಿಟ್ಟೆ. ಪೂರ್ವದ ಟ್ರೇನು ಹತ್ತಿದೆ. ರೂಜ್ ಹಿಲ್ ನಿಲ್ದಾಣದ ಬಳಿ ಬಲಗಡೆ ಸರೋವರ ಹಳಿಗೆ ಒತ್ತಿಕೊಂಡು ಬಂತು, ಅಂಚಿಗೆಲ್ಲ ಮಂಜುಗಡ್ಡೆ. ಮುಂದಿನ ನಿಲ್ದಾಣವೇ ಪಿಕರಿಂಗ್. ಇಳಿಯದೆ ಕೂತುಬಿಡಲೇ ಅನ್ನಿಸಿತು.

ವೃದ್ಧಾಲಯದಲ್ಲಿ ಅವರ ಮಗಳಿದ್ದಳು. "ಅಪ್ಪನಿಗೆ ಮುಖಗಳು ನೆನಪಿರಲ್ಲ, ಬೇಜಾರಾಗಬೇಡಿ," ಎಂದು ಇಂಗ್ಲಿಷಿನಲ್ಲಿ ಎಚ್ಚರಿಸಿದಳು. ಒಯ್ದಿದ್ದ ಹೋಳಿಗೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು.

"ನಾ ಸ್ತೊಲೆ," ಎಂದು ನಕ್ಕರು.

ಹೇಳಿಬಿಟ್ಟೆ: "ಕ್ಲೂಚ್ ಬಿವ್ ವ್ ಮೋಯೆಯ್ ಶಾಫ್ತ್ಸೆ." ಕೀಲಿ ನನ್ನ ಲಾಕರಿನಲ್ಲಿತ್ತು.

ನಗು ಹೋಯಿತು. "ಕ್ತೊ?" ಎಂದರು.

"ಯಾರು ಅಂತ ಕೇಳ್ತಿದ್ದಾರೆ," ಎಂದಳು ಮಗಳು. "ಯಾವ ಕೀಲಿ? ಯಾರಿಟ್ಟರು?"

'ನಾನು' ಎಂಬುದಕ್ಕೆ ಪೋಲಿಶ್ ಮಾತು ನನ್ನ ಚೀಟಿಯಲ್ಲಿರಲಿಲ್ಲ. ಬೇಕಾಗಿಯೂ ಇರಲಿಲ್ಲ, ಬೆರಳಿನಿಂದ ಎದೆ ಮುಟ್ಟಿಕೊಂಡಿದ್ದರೆ ಸಾಕಿತ್ತು. ಕೈ ಏಳಲಿಲ್ಲ.

"ಟ್ರೇನಿಗೆ ತಡವಾಯಿತು," ಎಂದು ಮಗಳಿಗೆ ಹೇಳಿ ಎದ್ದೆ. ಬಾಗಿಲಲ್ಲಿ ತಿರುಗಿದಾಗ ಅವರು ಇನ್ನೂ ನನ್ನನ್ನೇ ನೋಡುತ್ತಿದ್ದರು.

ಮರಳುವಾಗ ಸರೋವರ ಎಡಕ್ಕಿತ್ತು. ನಾನು ಆ ಕಡೆ ನೋಡಲಿಲ್ಲ. ಕೀಲಿ ಇಟ್ಟವನು ನಾನು. ಅವರ ಕೆಲಸ ಹೋದದ್ದು ತಿಳಿದ ಮೇಲೂ ಅದನ್ನು ಬಚ್ಚಿಟ್ಟವನು ನಾನು. ಕೆಲಸ ಕಳೆದುಕೊಂಡವರು, ಯಾರಲ್ಲಿ ನಾನು ಇಂದಿಗೂ ಕ್ಷಮೆ ಕೇಳಿಲ್ಲವೋ ಅವರು, ಹೆನ್ರಿಕ್.